ಕಾಣದ್ದೆಲ್ಲ ಕಳೆದದ್ದಲ್ಲ



ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿ ಕಾಣದಿದ್ದರೆ ನೀವೇನು ಮಾಡುತ್ತೀರಿ? ಮೇಲಿನ ಗೂಡು ನೋಡುತ್ತೀರಿ, ಕೆಳಗಿನ ಗೂಡು ನೋಡುತ್ತೀರಿ, 'ಯಾರ್ರೋ ಅದು ಡಬ್ಬಿ ಮುಟ್ಟಿದ್ದು?' ಎಂದು ಮಕ್ಕಳನ್ನು ಗದರಿಕೊಳ್ಳುತ್ತೀರಿ. ಕೊನೆಗೆ ಅದು ಸಾಸಿವೆ ಡಬ್ಬಿಯ ಹಿಂದೆಯೇ ಕೂತಿರುತ್ತದೆ. ಡಬ್ಬಿ ಕಾಣಲಿಲ್ಲವೆಂದು ಯಾರಾದರೂ ಅಡುಗೆಮನೆಯನ್ನೇ ಕೆಡವಿ ಹೊಸದಾಗಿ ಕಟ್ಟಿಸುತ್ತಾರೆಯೇ? 'ಇದೆಂಥ ಪ್ರಶ್ನೆ!' ಎಂದು ನಗಬೇಡಿ. ಮನೆಯ ಹಳೆಯ ಕಂಪ್ಯೂಟರಿನ ವಿಷಯ ಬಂದಾಗ ನಮ್ಮಲ್ಲಿ ಬಹಳ ಮಂದಿ ಮಾಡುವುದು ಇದನ್ನೇ. ನಾನೂ ಒಮ್ಮೆ ಮಾಡಿ ಕೈ ಸುಟ್ಟುಕೊಂಡವಳೇ. ಆ ಕಥೆ ಆಮೇಲೆ ಹೇಳುತ್ತೇನೆ.

ಬೇಸಿಗೆ ರಜೆಯ ಒಂದು ಬೆಳಿಗ್ಗೆ. ಹಿಂದಿನ ಬೀದಿಯ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಮ್ಮನೆ ಬಾಗಿಲಿಗೆ ಬಂದರು. ಮುಖ ಬಾಡಿತ್ತು.

"ಮಾರಾಯ್ತಿ, ಒಂಚೂರು ಬಂದು ನೋಡೇ. ಕಂಪ್ಯೂಟರ್ ಪೂರ್ತಿ ಖಾಲಿ ಆಗಿಬಿಟ್ಟಿದೆ. ಒಂದೂ ಇಲ್ಲ!"

ಅಕ್ಕನನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ವಯಸ್ಸು ಅರವತ್ತು ದಾಟಿದೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ವರ್ಷವಿಡೀ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾರೆ. ಯಾರಿಗೆ ಎಷ್ಟು ಕೊಟ್ಟದ್ದು, ಯಾರಿಂದ ಎಷ್ಟು ಬರಬೇಕು, ಎಲ್ಲ ಲೆಕ್ಕವೂ ಆ ಕಂಪ್ಯೂಟರಿನಲ್ಲಿ. ಅದಕ್ಕಿಂತ ದೊಡ್ಡ ಆಸ್ತಿಯೂ ಅದರಲ್ಲೇ ಇದೆ. ಅವರ ಅತ್ತೆ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಒಂದೊಂದೇ ಅಡುಗೆಯ ಅಳತೆ ಹೇಳುತ್ತಿದ್ದರಂತೆ. ಮಿಡಿಗೆ ಉಪ್ಪೆಷ್ಟು, ಸಾಸಿವೆ ಎಷ್ಟು ಹುರಿಯಬೇಕು, ಹಪ್ಪಳದ ಹಿಟ್ಟು ಯಾವ ಹದಕ್ಕೆ ಬಂದಾಗ ಕುಟ್ಟುವುದು ನಿಲ್ಲಿಸಬೇಕು, ಹೀಗೆ. ಅಕ್ಕನ ಯಜಮಾನರು ಮೇಷ್ಟ್ರು. ಪಕ್ಕದಲ್ಲಿ ಕೂತು ಅದನ್ನೆಲ್ಲ ಟೈಪು ಮಾಡಿಟ್ಟರು. ಅತ್ತೆಯೂ ಹೋದರು, 2015ರಲ್ಲಿ ಮೇಷ್ಟ್ರೂ ಹೋದರು. ಉಳಿದದ್ದು ಆ ಕಡತ.

ಹೋಗಿ ನೋಡಿದೆ. ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರ ಮಾತ್ರ. ಒಂದು ಐಕಾನೂ ಇಲ್ಲ, ಕೆಳಗಿನ ಪಟ್ಟಿಯೂ ಇಲ್ಲ. ರಜೆಗೆ ಬಂದ ಮೊಮ್ಮಗ ಹಿಂದಿನ ರಾತ್ರಿ ಅದರ ಮುಂದೆ ಕೂತಿದ್ದನಂತೆ. ಅಕ್ಕ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಫೋನು ಮಾಡಿದ್ದಾಗಿತ್ತು. "ತನ್ನಿ ಅಮ್ಮಾ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಹೊಸದರ ಹಾಗೆ ಆಗತ್ತೆ" ಎಂದಿದ್ದರಂತೆ. ಆಟೋ ಹೇಳಿಯೂ ಆಗಿತ್ತು.

"ಅಕ್ಕಾ, ಆಟೋದವನನ್ನ ವಾಪಸ್ ಕಳಿಸಿ" ಅಂದೆ.

ಫಾರ್ಮ್ಯಾಟ್ ಎಂದರೇನು?

ಯಾಕೆ ಹಾಗೆ ಅಂದೆ ಎಂದರೆ, ಸೋದರಿಯರೇ, ಈ 'ಫಾರ್ಮ್ಯಾಟ್' ಎಂಬ ಮಾತು ಕೇಳಲು ಬಹಳ ಸಲೀಸು. ಅದರ ಅರ್ಥ ಸ್ಲೇಟು ಒರೆಸಿದ ಹಾಗೆ. ಸಾಮಾನ್ಯವಾಗಿ ಒರೆಸುವುದು 'ಸಿ ಡ್ರೈವ್' ಎಂಬ ಭಾಗವನ್ನು. ವಿಂಡೋಸ್ ಕೂತಿರುವುದು ಅಲ್ಲಿಯೇ. ನಾವು ಕಣ್ಣಿಗೆ ಕಾಣಲಿ ಎಂದು ಡೆಸ್ಕ್‌ಟಾಪಿನ ಮೇಲೆ ಇಟ್ಟುಕೊಂಡದ್ದು, 'ಡಾಕ್ಯುಮೆಂಟ್ಸ್' ಒಳಗೆ ಇಟ್ಟದ್ದು, ಇವೂ ಮಾಮೂಲಾಗಿ ಇರುವುದು ಅದೇ ಸಿ ಡ್ರೈವಿನಲ್ಲಿ. ಮುಂಚೆಯೇ ಪ್ರತಿ ತೆಗೆದಿಡದೆ ಒರೆಸಿದರೆ ವಿಂಡೋಸ್ ಜೊತೆಗೆ ನಮ್ಮದೂ ಹೋಗುತ್ತದೆ.

ಈಗ ನನ್ನ ಕಥೆ. 2012ರಲ್ಲಿ ನಮ್ಮ ಮನೆಯ ಕಂಪ್ಯೂಟರೂ ಹೀಗೇ ಏನೋ ಕಾಣದೆ ಹೋಯಿತು. ನಾನು ಒಂದು ಮಾತೂ ಕೇಳದೆ ಅಂಗಡಿಗೆ ಕಳಿಸಿದೆ. ಎರಡು ದಿನ ಬಿಟ್ಟು ಮನೆಗೆ ಬಂತು, ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನನ್ನ ತಾಯಿ ಕೊನೆಯ ಸಲ ನಮ್ಮನೆಗೆ ಬಂದಿದ್ದಾಗ ತೆಗೆದ ಫೋಟೋಗಳನ್ನು ಹುಡುಕಿದೆ. ಇಲ್ಲ. ಫೋನು ಮಾಡಿ "ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೆನಲ್ಲಪ್ಪಾ" ಅಂದೆ. "ಅದೂ ಸಿ ಡ್ರೈವೇ ಅಲ್ವಾ ಮೇಡಂ, ಹೋಯ್ತು" ಅಂದ ಆ ಹುಡುಗ. ಅವನನ್ನು ಬೈದು ಏನು ಪ್ರಯೋಜನ? ಒಳಗೆ ಏನಿದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂದು ಆಗಿದ್ದದ್ದೇನು ಎಂದು ಈಗ ಯೋಚಿಸಿದರೆ, ಒಂದು ಟಿಕ್ ಗುರುತು ತಪ್ಪಿತ್ತು, ಅಷ್ಟೇ ಇರಬೇಕು.

ಅದಕ್ಕೇ ಈ ಸಲದ ಪುಟವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪುಟ ಕತ್ತರಿಸಿ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಂಡರೂ ಸರಿಯೇ.

ಮೊದಲು ಸಾಮಾನು ಇದೆಯೇ ನೋಡಿ

ಅಕ್ಕನದು ವಿಂಡೋಸ್ 7 ಇರುವ ಯಂತ್ರ. ಮಗ ಕಾಲೇಜಿನಲ್ಲಿ ಓದುವಾಗ ಕೊಂಡದ್ದು. ಮೊದಲು ನಾನು ಮಾಡಿದ್ದು ರಿಪೇರಿಯಲ್ಲ, ತಪಾಸಣೆ. ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಚಿತ್ರವಿರುವ ಒಂದು ಕೀಲಿ ಇದೆಯಲ್ಲ, ಅದನ್ನು ಹಿಡಿದುಕೊಂಡು ಇಂಗ್ಲಿಷಿನ 'ಇ' ಅಕ್ಷರ ಒತ್ತಿದೆ. ಒಂದು ಕಿಟಕಿ ತೆರೆಯಿತು. ಎಡಗಡೆ ಮೇಲೆ 'ಫೇವರಿಟ್ಸ್' ಎಂದಿರುತ್ತದೆ, ಅದರ ಕೆಳಗೆ 'ಡೆಸ್ಕ್‌ಟಾಪ್'. ಅದನ್ನು ಒತ್ತಿದೊಡನೆ ಸಾಲಾಗಿ ಬಂದವು ನೋಡಿ: ಹಪ್ಪಳದ ಲೆಕ್ಕ, ಬಾಕಿ ಪಟ್ಟಿ, ಮೊಮ್ಮಗನ ನಾಮಕರಣದ ಫೋಟೋ, 'ಅಮ್ಮ ಹೇಳಿದ ಅಡುಗೆ'.

ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ಇಲ್ಲೇ ಇದೆಯಲ್ಲೇ!" ಅಂದರು.

ಇಷ್ಟೇ ವಿಷಯ. ಡೆಸ್ಕ್‌ಟಾಪ್ ಎನ್ನುವುದು ಬರೀ ಪರದೆಯ ಚಿತ್ರವಲ್ಲ, ಅದೂ ಒಂದು ಕಪಾಟು. ಪರದೆಯ ಮೇಲೆ ಕಾಣುವುದು ಆ ಕಪಾಟಿನ ಗಾಜಿನ ಬಾಗಿಲು. ಗಾಜಿಗೆ ಪರದೆ ಎಳೆದರೆ ಒಳಗಿನ ಪಾತ್ರೆ ಎಲ್ಲಿಗೆ ಹೋದೀತು?

ಆಮೇಲೆ ಪ್ರತಿ ತೆಗೆಯಿರಿ

ಸಾಮಾನು ಕಂಡಿತೆಂದು ಕೂಡಲೇ ರಿಪೇರಿಗೆ ಕೈ ಹಾಕಬೇಡಿ. ಮೊದಲು ಪೆನ್ ಡ್ರೈವಿಗೆ ಒಂದು ಪ್ರತಿ ಹೋಗಲಿ. ನಾನು "ಅಕ್ಕಾ, ಕೊನೇ ಸಲ ಪ್ರತಿ ತೆಗೆದದ್ದು ಯಾವಾಗ?" ಎಂದು ಕೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ಒಂದು ನೂರು ಹಾಳೆಯ ನೋಟ್‌ಬುಕ್ಕು ತಂದರು. ಮೇಷ್ಟ್ರ ದುಂಡು ಅಕ್ಷರ. 'ತಿಂಗಳಿಗೊಮ್ಮೆ ತಪ್ಪದೆ ಪ್ರತಿ ತೆಗೆಯುವುದು. ಮೇಲೆ ಎಡಿಟ್ ಒತ್ತಿ, ಸೆಲೆಕ್ಟ್ ಆಲ್. ಮತ್ತೆ ಎಡಿಟ್ ಒತ್ತಿ, ಕಾಪಿ. ಪೆನ್ ಡ್ರೈವ್ ತೆರೆದು ಎಡಿಟ್, ಪೇಸ್ಟ್.'

"ಅವರಿದ್ದಾಗ ಇದ್ದದ್ದು ಹಳೇ ಎಕ್ಸ್‌ಪಿ. ಅದು ಕೆಟ್ಟ ಮೇಲೆ ಮಗ ಇದನ್ನ ತಂದುಕೊಟ್ಟ, ಹಳೇದರಲ್ಲಿ ಇದ್ದದ್ದೆಲ್ಲ ಇದಕ್ಕೆ ಹಾಕಿಕೊಟ್ಟ. ಇದರಲ್ಲಿ ಆ 'ಎಡಿಟ್' ಅನ್ನೋದೇ ಇಲ್ಲ ಕಣೇ. ಎಷ್ಟು ಹುಡುಕಿದರೂ ಸಿಗಲಿಲ್ಲ."

"ಮಗನನ್ನ ಕೇಳಬೇಕಿತ್ತು."

"ಕೇಳಿದರೆ, 'ಅಮ್ಮಾ ಇಷ್ಟೂ ಗೊತ್ತಾಗಲ್ವಾ' ಅಂತಾನೆ. ಪಾಪ, ಅವನಿಗೆ ಅವನ ಕೆಲಸ. ಬಿಟ್ಟುಬಿಟ್ಟೆ."

ಸೋದರಿಯರೇ, ಲೆಕ್ಕ ಹಾಕಿ ನೋಡಿ. ಒಂದು ಮೆನು ಕಣ್ಣಿಗೆ ಬೀಳಲಿಲ್ಲವೆಂದು, ಕೇಳಲು ಸಂಕೋಚವೆಂದು, ಸುಮಾರು ಹತ್ತು ವರ್ಷ ಒಂದೂ ಪ್ರತಿಯಿಲ್ಲ! ಆ ಬೆಳಿಗ್ಗೆ ಆಟೋ ಹತ್ತಿದ್ದರೆ ಮಿಡಿಯ ಉಪ್ಪಿನ ಅಳತೆಯೂ ಇಲ್ಲ, ಮೇಷ್ಟ್ರ ಕೈಕೆಲಸವೂ ಇಲ್ಲ.

ಆ ಮೆನು ಎಲ್ಲಿಯೂ ಹೋಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ 'ಫೈಲ್, ಎಡಿಟ್, ವ್ಯೂ' ಎಂಬ ಸಾಲು ಯಾವಾಗಲೂ ಮೇಲೆ ಕಾಣುತ್ತಿತ್ತು. ಅದರ ನಂತರ ಬಂದ ವಿಸ್ಟಾದಲ್ಲಿ, ಆಮೇಲೆ 7ರಲ್ಲಿ, ಅದನ್ನು ತಯಾರಿಸಿದವರೇ ಮರೆಮಾಡಿಟ್ಟರು. ಕೀಲಿಮಣೆಯಲ್ಲಿ 'ಆಲ್ಟ್' ಎಂಬ ಕೀಲಿಯನ್ನು ಒಂದು ಸಲ ಒತ್ತಿ ಬಿಡಿ, ಸಾಲು ಇಣುಕುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಒಳಗೆ ಹೋಗುತ್ತದೆ. ಹಳೆಯ ಕಾಲದ ಹಾಗೆ ಸದಾ ಕಾಣುತ್ತಿರಬೇಕೆಂದರೆ, ಅದೇ ಕಿಟಕಿಯಲ್ಲಿ ಎಡಮೇಲ್ಗಡೆಯ 'ಆರ್ಗನೈಸ್' ಒತ್ತಿ, 'ಲೇಔಟ್'ಗೆ ಹೋಗಿ, 'ಮೆನು ಬಾರ್' ಎಂಬುದಕ್ಕೆ ಟಿಕ್ ಹಾಕಿ. ಮುಗಿಯಿತು.

ಅಕ್ಕನ ಕೈಯಲ್ಲೇ ಆಲ್ಟ್ ಒತ್ತಿಸಿದೆ. 'ಎಡಿಟ್' ಬಂತು. ಅವರು ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಮೇಷ್ಟ್ರು ಬರೆದ ಹಾಗೆಯೇ ಮಾಡಿದರು. ನಾನು ಬಾಯಿ ಹಾಕಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಿದೆ, ನಿಮಗೂ ಹೇಳುತ್ತೇನೆ. ಕೆಲವು ಐಕಾನುಗಳ ಮೂಲೆಯಲ್ಲಿ ಬಾಗಿದ ಪುಟ್ಟ ಬಾಣದ ಗುರುತಿರುತ್ತದೆ. ಅದಕ್ಕೆ 'ಶಾರ್ಟ್‌ಕಟ್' ಎನ್ನುತ್ತಾರೆ. ಅದು ಸಾಮಾನಲ್ಲ, ಸಾಮಾನು ಇರುವ ಜಾಗದ ವಿಳಾಸದ ಚೀಟಿ. ಚೀಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ನಿಶ್ಚಿಂತೆಯಾಗಿದ್ದರೆ ಅಕ್ಕಿಯ ಬದಲು ಅಂಗಡಿಯ ಚೀಟಿ ಡಬ್ಬಿಗೆ ತುಂಬಿಟ್ಟ ಹಾಗೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇವುಗಳನ್ನೂ ತೆರೆದು ನಿಜವಾದ ಕಡತಗಳ ಪ್ರತಿ ತೆಗೆಯಿರಿ. ಪ್ರತಿ ತೆಗೆದ ಮೇಲೆ ಪೆನ್ ಡ್ರೈವಿನಲ್ಲಿ ಒಂದೆರಡನ್ನು ತೆರೆದು ನೋಡುವುದನ್ನು ಮರೆಯಬೇಡಿ.

ಈಗ ಒಂದೊಂದಾಗಿ ವಾಪಸ್ ತರೋಣ

ಪ್ರತಿ ಆಯಿತಲ್ಲ, ಇನ್ನು ಹೆದರಿಕೆಯಿಲ್ಲ. ಕಾಣದೆ ಹೋದದ್ದನ್ನು ಒಂದೊಂದಾಗಿ ಕರೆಯೋಣ.

ಐಕಾನುಗಳು: ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಗುಂಡಿ ಒತ್ತಿ. ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಮೇಲೆಯೇ ಇರುವ 'ವ್ಯೂ'ಗೆ ಹೋಗಿ. ಪಕ್ಕದಲ್ಲಿ ಇನ್ನೊಂದು ಪಟ್ಟಿ ತೆರೆಯುತ್ತದೆ, ಅದರಲ್ಲಿ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಎಂದಿರುತ್ತದೆ. ಅದರ ಮುಂದೆ ಟಿಕ್ ಇಲ್ಲದಿದ್ದರೆ ಒಂದು ಸಲ ಒತ್ತಿ. ಐಕಾನುಗಳೆಲ್ಲ ಇದ್ದಲ್ಲೇ ಪ್ರತ್ಯಕ್ಷ. ಮೊಮ್ಮಗ ಮಹಾಶಯ ತೆಗೆದದ್ದು ಇದೊಂದು ಟಿಕ್. ಈ ದಾರಿ ವಿಂಡೋಸ್ 7ಕ್ಕೂ ಸರಿ, 10ಕ್ಕೂ ಸರಿ.

'ಕಂಪ್ಯೂಟರ್' ಮತ್ತು 'ರಿಸೈಕಲ್ ಬಿನ್': ಬೇರೆಲ್ಲ ಐಕಾನು ಇದ್ದು ಇವೆರಡು ಮಾತ್ರ ಕಾಣದಿದ್ದರೆ, ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ 'ಪರ್ಸನಲೈಸ್' ಆರಿಸಿ. ವಿಂಡೋಸ್ 7ರಲ್ಲಿ ಎಡಗಡೆ 'ಚೇಂಜ್ ಡೆಸ್ಕ್‌ಟಾಪ್ ಐಕಾನ್ಸ್' ಎಂದಿದೆ. ವಿಂಡೋಸ್ 10 ಆದರೆ ಅದೇ ಪರ್ಸನಲೈಸ್ ಒಳಗೆ 'ಥೀಮ್ಸ್'ಗೆ ಹೋಗಿ 'ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್' ಹುಡುಕಿ. ಬೇಕಾದ್ದಕ್ಕೆ ಟಿಕ್ ಹಾಕಿ 'ಓಕೆ' ಒತ್ತಿ.

ಕೆಳಗಿನ ಪಟ್ಟಿ: ಇದನ್ನು 'ಟಾಸ್ಕ್‌ಬಾರ್' ಎನ್ನುತ್ತಾರೆ. ಹೊಸ ಸೊಸೆ ಮಾವನವರ ಮುಂದೆ ಬಾಗಿಲ ಹಿಂದೆ ನಿಂತ ಹಾಗೆ ಅಡಗಿಕೊಳ್ಳುವ ಗುಣ ಇದಕ್ಕೂ ಉಂಟು. ಕಿಟಕಿ ಚಿತ್ರದ ಕೀಲಿ ಒತ್ತಿದರೆ ಹೊರಗೆ ಬರುತ್ತದೆ. ಬಂದಾಗ ಅದರ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ತೆರೆದು, 'ಆಟೋ ಹೈಡ್ ದ ಟಾಸ್ಕ್‌ಬಾರ್' ಎಂಬುದರ ಟಿಕ್ ತೆಗೆಯಿರಿ. ಅಲ್ಲಿಯೇ 'ಲಾಕ್ ದ ಟಾಸ್ಕ್‌ಬಾರ್' ಎಂದೂ ಇದೆ. ಅದಕ್ಕೆ ಟಿಕ್ ಹಾಕಿಟ್ಟರೆ ಮಕ್ಕಳ ಕೈಗೆ ಸಿಕ್ಕು ಅದು ಪಕ್ಕಕ್ಕೋ ಮೇಲಕ್ಕೋ ಹೋಗಿ ಕೂರುವುದಿಲ್ಲ. ವಿಂಡೋಸ್ 10ರಲ್ಲಿ 'ಪ್ರಾಪರ್ಟೀಸ್' ಬದಲು 'ಟಾಸ್ಕ್‌ಬಾರ್ ಸೆಟ್ಟಿಂಗ್ಸ್' ಎಂದಿರುತ್ತದೆ.

ಕನ್ನಡದ ಪಟ್ಟಿ: ಅಕ್ಕನ ಯಂತ್ರದಲ್ಲಿ ಇದೂ ಮಾಯವಾಗಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸುವ ಪುಟ್ಟ ಪಟ್ಟಿ ಅದು, 'ಲ್ಯಾಂಗ್ವೇಜ್ ಬಾರ್'. ವಿಂಡೋಸ್ 7ರಲ್ಲಿ ಕನ್ನಡ ಜೊತೆಗೇ ಬಂದಿರುತ್ತದೆ. ಅದರ ಕನ್ನಡ ಅಕ್ಷರಶೈಲಿಯ ಹೆಸರೇನು ಗೊತ್ತೇ? 'ತುಂಗಾ'! ಮಲೆನಾಡಿನವರಿಗೆ ಹೇಳಿದರೆ ಖುಷಿಯಾದೀತು. ಪಟ್ಟಿ ವಾಪಸ್ ಬರಬೇಕೆಂದರೆ 'ಸ್ಟಾರ್ಟ್' ಒತ್ತಿ 'ಕಂಟ್ರೋಲ್ ಪ್ಯಾನೆಲ್'ಗೆ ಹೋಗಿ. ಅಲ್ಲಿ ಗಡಿಯಾರ, ಭಾಷೆ, ಪ್ರದೇಶ ಎಂಬ ಅರ್ಥದ ಇಂಗ್ಲಿಷ್ ಸಾಲಿನ ಕೆಳಗೆ 'ಚೇಂಜ್ ಕೀಬೋರ್ಡ್ಸ್' ಎಂದು ಆರಂಭವಾಗುವ ಸಾಲಿದೆ. ಅದನ್ನು ಒತ್ತಿ, ಮುಂದೆ ಬರುವ 'ಚೇಂಜ್ ಕೀಬೋರ್ಡ್ಸ್' ಗುಂಡಿಯನ್ನೂ ಒತ್ತಿ. ಮೇಲೆ 'ಲ್ಯಾಂಗ್ವೇಜ್ ಬಾರ್' ಎಂಬ ತಲೆಬರಹ ಕಾಣುತ್ತದೆ. ಒಳಗೆ ಮೂರು ಆಯ್ಕೆ. 'ಹಿಡನ್' ಎಂದಿದ್ದರೆ ಅದನ್ನು ಬಿಟ್ಟು 'ಡಾಕ್ಡ್ ಇನ್ ದ ಟಾಸ್ಕ್‌ಬಾರ್' ಆರಿಸಿ 'ಓಕೆ' ಅನ್ನಿ. ಕೆಳಗಿನ ಪಟ್ಟಿಯ ಬಲಗಡೆ ಅದು ಬಂದು ಕೂರುತ್ತದೆ. ಪಟ್ಟಿ ಕಾಣಬೇಕಾದರೆ ಇಂಗ್ಲಿಷಿನ ಜೊತೆ ಕನ್ನಡದ ಕೀಲಿಮಣೆಯೂ ಸೇರಿರಬೇಕು. ಇಲ್ಲವಾದರೆ ಅಲ್ಲಿಯೇ 'ಜನರಲ್' ತಲೆಬರಹದ ಕೆಳಗೆ 'ಆ್ಯಡ್' ಒತ್ತಿ ಕನ್ನಡ ಸೇರಿಸಿಕೊಳ್ಳಿ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪು ಮಾಡುವವರಿಗೆ ಈ ತಾಪತ್ರಯವಿಲ್ಲ, ಆ ತಂತ್ರಾಂಶವನ್ನೇ ತೆರೆದರಾಯಿತು.

ಏನು ಒತ್ತಿದರೂ ಏನೂ ಬಾರದಿದ್ದರೆ

ಕೆಲವೊಮ್ಮೆ ಐಕಾನೂ ಇಲ್ಲ, ಪಟ್ಟಿಯೂ ಇಲ್ಲ, ಬಲಗುಂಡಿ ಒತ್ತಿದರೆ ಮೆನುವೂ ಇಲ್ಲ ಎಂಬ ಪರಿಸ್ಥಿತಿ ಬರುತ್ತದೆ. ಆಗಲೂ ಗಾಬರಿ ಬೇಡ. ಡೆಸ್ಕ್‌ಟಾಪನ್ನೂ ಪಟ್ಟಿಯನ್ನೂ ತೋರಿಸುವ ಕೆಲಸ 'ಎಕ್ಸ್‌ಪ್ಲೋರರ್' ಎಂಬ ಒಳಗಿನ ಆಳಿನದು. ಆ ಆಳು ಕೆಲಸ ನಿಲ್ಲಿಸಿ ಕೂತಿರಬಹುದು. 'ಕಂಟ್ರೋಲ್', 'ಶಿಫ್ಟ್', 'ಎಸ್ಕೇಪ್' ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಬಂದ ಕಿಟಕಿಯಲ್ಲಿ 'ಫೈಲ್' ಒತ್ತಿ, 'ನ್ಯೂ ಟಾಸ್ಕ್' ಆರಿಸಿ, ಇಂಗ್ಲಿಷಿನಲ್ಲಿ ಎಕ್ಸ್‌ಪ್ಲೋರರ್ ಎಂದು ಬರೆದು 'ಓಕೆ' ಒತ್ತಿ. ಆಳು ಎದ್ದು ಬಂದರೆ ಎಲ್ಲವೂ ಎದ್ದು ಬರುತ್ತದೆ. ಒಮ್ಮೆ ಯಂತ್ರವನ್ನು ಸರಿಯಾಗಿ ಆರಿಸಿ ಮತ್ತೆ ಹಚ್ಚಿದರೂ ಬಹಳ ಸಲ ಇದೇ ಫಲ.

ವಿಂಡೋಸ್ 10 ಇರುವವರಿಗೆ ಇನ್ನೊಂದು ಮಾತು. ಅದರಲ್ಲಿ 'ಟ್ಯಾಬ್ಲೆಟ್ ಮೋಡ್' ಎಂಬುದಿದೆ. ತಿಳಿಯದೆ ಅದು ಚಾಲೂ ಆದರೂ ಡೆಸ್ಕ್‌ಟಾಪಿನ ಐಕಾನುಗಳು ಕಾಣುವುದಿಲ್ಲ. ಕೆಳಗೆ ಬಲತುದಿಯಲ್ಲಿರುವ ಚೌಕ ಗುರುತನ್ನು ಒತ್ತಿದರೆ ಬರುವ ಗುಂಡಿಗಳಲ್ಲಿ ಅದನ್ನು ಆರಿಸಿಬಿಡಿ.

ಬಲಗುಂಡಿಯ ಪಟ್ಟಿಯಲ್ಲಿ ಹೊಸ ಫೋಲ್ಡರ್ ಮಾಡುವ 'ನ್ಯೂ' ಎಂಬ ಸಾಲೇ ಇಲ್ಲವೆಂದಾದರೆ, ಅದು ಟಿಕ್ ಹಾಕಿ ಸರಿಮಾಡುವ ಬಾಬತ್ತಲ್ಲ. 'ರಿಜಿಸ್ಟ್ರಿ' ಎಂಬ ಒಳಗಿನ ದಫ್ತರದಲ್ಲಿ ಏನೋ ತಪ್ಪಿದೆ ಎಂದರ್ಥ. ಅದಕ್ಕೆ ನಾವು ಕೈ ಹಾಕುವುದು ಬೇಡ. 'ಸ್ಟಾರ್ಟ್' ಒತ್ತಿ ಹುಡುಕುವ ಜಾಗದಲ್ಲಿ 'ಸಿಸ್ಟಮ್ ರಿಸ್ಟೋರ್' ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಯಂತ್ರ ಸರಿಯಾಗಿದ್ದ ಒಂದು ಹಿಂದಿನ ದಿನಾಂಕ ಅಲ್ಲಿ ಸಿಕ್ಕಿದರೆ, ಒಳಗಿನ ಏರ್ಪಾಟುಗಳನ್ನು ಆ ದಿನಕ್ಕೆ ಹಿಂದಿರುಗಿಸಬಹುದು. ಆ ದಿನದ ನಂತರ ಹಾಕಿಸಿಕೊಂಡ ತಂತ್ರಾಂಶಗಳು ಹೋಗುತ್ತವೆ. ನಿಮ್ಮ ಲೆಕ್ಕ, ಪತ್ರ, ಫೋಟೋಗಳನ್ನು ಅದು ಮುಟ್ಟುವುದಿಲ್ಲ. ಆದರೂ ಪೆನ್ ಡ್ರೈವಿನ ಪ್ರತಿ ಮೊದಲು, ರಿಸ್ಟೋರ್ ಆಮೇಲೆ.

ನಿಜವಾಗಿಯೇ ಯಾರೋ ಅಳಿಸಿದ್ದರೆ? 'ರಿಸೈಕಲ್ ಬಿನ್' ತೆರೆದು ನೋಡಿ. ಅಲ್ಲಿದ್ದರೆ ಅದರ ಮೇಲೆ ಬಲಗುಂಡಿ ಒತ್ತಿ 'ರಿಸ್ಟೋರ್' ಅನ್ನಿ, ಇದ್ದ ಜಾಗಕ್ಕೆ ಮರಳುತ್ತದೆ. ಪೆನ್ ಡ್ರೈವಿನಿಂದ ಅಳಿಸಿದ್ದು ಮಾತ್ರ ಸಾಮಾನ್ಯವಾಗಿ ಆ ಬುಟ್ಟಿಗೆ ಬರುವುದಿಲ್ಲ, ಜೋಪಾನ.

ಅಂಗಡಿಗೆ ಕೊಡಲೇಬೇಕಾದಾಗ

ಅಂಗಡಿಯವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಜವಾಗಿ ಯಂತ್ರ ಕೆಟ್ಟಾಗ ಅವರೇ ನಮಗೆ ದಿಕ್ಕು. ಆದರೆ ಅವರಿಗೆ ನಮ್ಮ ಯಂತ್ರ ದಿನಕ್ಕೆ ಹತ್ತರಲ್ಲಿ ಒಂದು, ಒಳಗಿರುವುದು ನಮ್ಮ ಒಂದೇ ಬದುಕು. ಕೊಡುವ ಮುಂಚೆ ಮೂರು ಮಾತು ಬಾಯಿಬಿಟ್ಟು ಹೇಳಿ. ಒಳಗೆ ನನ್ನ ಕಡತಗಳಿವೆ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ. ಮಾಡಲೇಬೇಕಾದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರರ ಪ್ರತಿಯನ್ನೂ ಮೊದಲು ನನ್ನ ಪೆನ್ ಡ್ರೈವಿಗೆ ಹಾಕಿ ತೋರಿಸಿ. ಇದನ್ನೇ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಟೈಲರಿಗೆ ರವಿಕೆ ಬಟ್ಟೆ ಕೊಡುವಾಗ ಅಳತೆ ರವಿಕೆ ಜೊತೆಗಿಟ್ಟು ಹತ್ತು ಸಲ ಹೇಳುವ ನಾವು, ಇದಕ್ಕೆ ಯಾಕೆ ಬಾಯಿ ಕಟ್ಟಿಕೊಳ್ಳಬೇಕು?

ಹಳೆಯ ಯಂತ್ರದ ಇತಿಮಿತಿಯನ್ನೂ ಹೇಳದೆ ಬಿಟ್ಟರೆ ತಪ್ಪಾದೀತು. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಬಲವಿಲ್ಲವೆಂದರೆ ಯಂತ್ರ ನಿಲ್ಲುತ್ತದೆ ಎಂದಲ್ಲ, ಕಳ್ಳರ ಹೊಸ ಉಪಾಯಗಳಿಗೆ ಹೊಸ ಬೀಗ ಬರುವುದಿಲ್ಲ ಎಂದು. ಆದ್ದರಿಂದ ಲೆಕ್ಕ ಬರೆಯಲು, ಅಡುಗೆ ಬರೆದಿಡಲು, ಫೋಟೋ ನೋಡಲು ಹಳೆಯ ವಿಂಡೋಸ್ 7 ಧಾರಾಳವಾಗಿ ಸಾಕು. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ. ಕಂಡಕಂಡವರ ಪೆನ್ ಡ್ರೈವನ್ನೂ ಚುಚ್ಚಬೇಡಿ.

ಅಂದು ಎಲ್ಲ ಸರಿಯಾಗುವ ಹೊತ್ತಿಗೆ ಹನ್ನೊಂದು ಗಂಟೆ. ಮೊಮ್ಮಗ ಬಾಗಿಲ ಮರೆಯಲ್ಲಿ ಅಳುಮುಖ ಮಾಡಿ ನಿಂತಿದ್ದ. ಅಕ್ಕ ಅವನನ್ನು ಗದರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ನೀನು ಏನು ಒತ್ತಿದೆಯೋ ಅದನ್ನ ಇನ್ನೊಂದು ಸಲ ತೋರಿಸು ಪುಟ್ಟಾ" ಅಂದರು. ಅವನು ಟಿಕ್ ತೆಗೆದ, ಐಕಾನು ಹೋಯಿತು. ಅಕ್ಕ ಟಿಕ್ ಹಾಕಿದರು, ಐಕಾನು ಬಂತು. ನಾಲ್ಕು ಸಲ ಹೀಗೆ ಇಬ್ಬರೂ ಆಡಿದರು. ಐದನೆಯ ಸಲಕ್ಕೆ ಅಕ್ಕನ ಹೆದರಿಕೆ ಹೊರಟುಹೋಗಿತ್ತು.

ಆಮೇಲೆ ಮೇಷ್ಟ್ರ ನೋಟ್‌ಬುಕ್ಕು ತೆಗೆದು, ಅವರು ಬರೆದ 'ಮೇಲೆ ಎಡಿಟ್ ಒತ್ತಿ' ಎಂಬ ಸಾಲಿನ ಪಕ್ಕದಲ್ಲಿ ಸಣ್ಣದಾಗಿ 'ಮೊದಲು ಆಲ್ಟ್' ಎಂದು ಬರೆದರು. ಕೆಳಗೆ ಅಂದಿನ ತಾರೀಖು ಹಾಕಿದರು. ಪೆನ್ ಡ್ರೈವನ್ನು ಮಂಗಳಸೂತ್ರದ ಹಳೆಯ ಡಬ್ಬಿಯಲ್ಲಿಟ್ಟು ಬೀರುವಿಗೆ ಸೇರಿಸಿದರು. ಹೊರಡುವಾಗ ನನ್ನ ಕೈಗೆ ಹಪ್ಪಳದ ಕಟ್ಟು ಬಂತು. ಬೇಡವೆಂದರೆ ಕೇಳುವವರೇ?

ಈಗ ನೀವು ಹೇಳಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆ? ಅದರ ಪ್ರತಿ ಎಲ್ಲಿದೆ? ಈ ಪುಟ ಮಡಚಿಡುವ ಮುಂಚೆ ಒಮ್ಮೆ ಎದ್ದು ನೋಡಿ ಬನ್ನಿ. ಗೊತ್ತಿಲ್ಲದ್ದನ್ನು ಮಕ್ಕಳನ್ನು ಕೇಳಲು ನಾಚಬೇಡಿ. ಅವರಿಗೆ ಚಮಚ ಹಿಡಿಯಲು ಕಲಿಸುವಾಗ ನಾವು ಎಷ್ಟು ಸಲ ಹೇಳಿದ್ದೆವು, ಲೆಕ್ಕ ಇಟ್ಟಿದ್ದೇವೆಯೇ?

ಬರಲೇ? ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.